ಟ್ಯೂಬಿನಿಂದ ಟ್ಯೂಬಿಗೆ ದಾಟಿಸಿದರೆ ಪಾಚಿ ಉಳಿದಂತಲ್ಲ

“ಪಾಚಿಗೆ ದ್ರವ ಸಾರಜನಕ ಯಾಕೆ? ತಿಂಗಳಿಗೊಮ್ಮೆ ಹೊಸ ಮೀಡಿಯಾಕ್ಕೆ ಹಾಕಿದರೆ ಮುಗಿಯಿತು. ಬಚ್ಚಲ ಗೋಡೆಯ ಮೇಲೂ ಬೆಳೆಯುವ ಜೀವ ಅದು, ಎಲ್ಲಿಗೆ ಹೋಗುತ್ತದೆ?” ಸೂಕ್ಷ್ಮಪಾಚಿಗಳ ಮೇಲೆ ಕೆಲಸ ನಡೆಯುವ ನಮ್ಮ ಪ್ರಯೋಗಾಲಯಗಳಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವವರು ವಿಷಯ ತಿಳಿಯದವರೇನಲ್ಲ. ಹತ್ತಾರು ವರ್ಷ ಕಲ್ಚರ್‌ಗಳನ್ನು ಸಾಕಿದವರು, ಬಣ್ಣ ನೋಡಿಯೇ ಪಾಚಿಯ ಆರೋಗ್ಯ ಹೇಳಬಲ್ಲವರು. ಅವರು ಹೇಳುವುದರಿಂದಲೇ ಈ ಮಾತಿಗೆ ತೂಕ ಬಂದಿದೆ. ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿ ಅದನ್ನು ಪ್ರಶ್ನಿಸದೆ ಕಲಿಯುತ್ತಾನೆ, ಮುಂದಿನವನಿಗೆ ಕಲಿಸುತ್ತಾನೆ. ಈ ಮಾತು ಬುಡದಿಂದಲೇ ತಪ್ಪು. ಇದರಿಂದ ಕಳೆದುಹೋಗಿರುವುದು ಮತ್ತೆ ಸಿಗುವಂಥದ್ದಲ್ಲ.

ಆಚರಣೆ ಎಲ್ಲರಿಗೂ ಗೊತ್ತಿರುವುದೇ. ಕೆರೆಯಿಂದಲೋ ಉಪ್ಪಿನ ಗದ್ದೆಯಿಂದಲೋ ಬೇರ್ಪಡಿಸಿದ ಒಂದು ತಳಿ ಅಗಾರ್ ಸ್ಲಾಂಟ್ ಮೇಲೆ ಅಥವಾ ದ್ರವ ಮೀಡಿಯಾದಲ್ಲಿ, ಮಂದ ಬೆಳಕಿನ ಕೆಳಗೆ ಬೆಳೆಯುತ್ತಿರುತ್ತದೆ. ಪೋಷಕಾಂಶ ಮುಗಿಯುವ ಮೊದಲು ಅದರಿಂದ ಸ್ವಲ್ಪ ತೆಗೆದು ಹೊಸ ಟ್ಯೂಬಿಗೆ ಹಾಕುತ್ತಾರೆ. ಹಳೆಯದನ್ನು ಒಂದೆರಡು ತಿಂಗಳು ಇಟ್ಟುಕೊಂಡು ಚೆಲ್ಲುತ್ತಾರೆ. ಇದು ಸಬ್‌ಕಲ್ಚರ್. ಇದನ್ನು ನಾವು ‘ಸಂರಕ್ಷಣೆ’ ಎಂದು ಪ್ರಾಜೆಕ್ಟ್ ವರದಿಗಳಲ್ಲಿ ಬರೆಯುತ್ತೇವೆ. ಕೋಶಗಳನ್ನು ಅತಿಶೀತದಲ್ಲಿ ನಿಶ್ಚಲವಾಗಿ ಇಡುವ ವಿಧಾನವನ್ನು ಮಾತ್ರ ಸ್ಕಾಟ್ಲೆಂಡಿನ, ಟೆಕ್ಸಸ್ಸಿನ ದೊಡ್ಡ ಸಂಗ್ರಹಗಳಿಗೆ ಒಪ್ಪುವ ಐಷಾರಾಮ ಎಂದು ಬದಿಗಿಡುತ್ತೇವೆ.

ಜೀವಿಗಳು ಹೇಗೆ ಬದಲಾಗುತ್ತವೆ ಎಂದು ಕಣ್ಣಾರೆ ನೋಡಬೇಕೆಂದ ವಿಜ್ಞಾನಿಗಳು ಯಾವ ವಿಧಾನ ಬಳಸುತ್ತಾರೆ ಎಂಬುದನ್ನು ಇಲ್ಲಿ ನೆನೆಯಬೇಕು. ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ 12 ಸಮೂಹಗಳೊಂದಿಗೆ ಶುರುಮಾಡಿದ ವಿಕಾಸ ಪ್ರಯೋಗ ಜಗತ್ಪ್ರಸಿದ್ಧ. ಅದರ ವಿಧಾನ ಇಷ್ಟೇ: ದಿನವೂ ಕಲ್ಚರ್‌ನ ನೂರರಲ್ಲಿ ಒಂದು ಪಾಲನ್ನು ಹೊಸ ಮೀಡಿಯಾಕ್ಕೆ ದಾಟಿಸುವುದು. ಮೊದಲ 2,000 ತಲೆಮಾರುಗಳಲ್ಲೇ ಆ ಬ್ಯಾಕ್ಟೀರಿಯಾಗಳು ತಮ್ಮ ಫ್ಲಾಸ್ಕಿನಲ್ಲಿ ಪೂರ್ವಜರಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಮರ್ಥವಾಗಿದ್ದವು. ಅದು ತಿಳಿದದ್ದು ಹೇಗೆ? ಲೆನ್ಸ್ಕಿಯ ತಂಡ ಪ್ರತಿ 500 ತಲೆಮಾರಿಗೊಮ್ಮೆ ಮಾದರಿ ತೆಗೆದು ಘನೀಕರಿಸಿಡುತ್ತಿತ್ತು. ಹಳೆಯ ಕೋಶಗಳನ್ನು ಎಬ್ಬಿಸಿ ಹೊಸವುಗಳ ಪಕ್ಕದಲ್ಲಿ ಬೆಳೆಸಿ ಹೋಲಿಸಿದ್ದರಿಂದ ಬದಲಾವಣೆ ಅಳತೆಗೆ ಸಿಕ್ಕಿತು. ಬದಲಾವಣೆ ಹುಟ್ಟಿಸಲು ಅವರು ಬಳಸಿದ ಕ್ರಮವನ್ನೇ ನಾವು ಬದಲಾಗದಂತೆ ಇಡಲು ಬಳಸುತ್ತಿದ್ದೇವೆ. ಬದಲಾದದ್ದನ್ನು ತೋರಿಸಿಕೊಡಬಲ್ಲ ಘನೀಕೃತ ಸಾಕ್ಷಿಯನ್ನು ಮಾತ್ರ ಇಟ್ಟುಕೊಳ್ಳುತ್ತಿಲ್ಲ.

ಬ್ಯಾಕ್ಟೀರಿಯಾಕ್ಕೂ ಪಾಚಿಗೂ ಹೋಲಿಕೆ ಎಲ್ಲಿ, ಪಾಚಿ ನಿಧಾನ ಬೆಳೆಯುತ್ತದೆ ಎನ್ನಬಹುದು. ಲೆಕ್ಕ ಹಾಕೋಣ. ನೂರರಲ್ಲಿ ಒಂದು ಪಾಲು ದಾಟಿಸಿದ ಕಲ್ಚರ್ ಮತ್ತೆ ಮೊದಲಿನ ಸಾಂದ್ರತೆಗೆ ಬರಬೇಕಾದರೆ ಕೋಶಗಳು ಆರು-ಏಳು ಬಾರಿ ಇಮ್ಮಡಿಯಾಗಬೇಕು. ತಿಂಗಳಿಗೊಮ್ಮೆ ದಾಟಿಸಿದರೆ 30 ವರ್ಷಕ್ಕೆ 360 ಸಲ, ಅಂದರೆ ಹತ್ತಿರ ಹತ್ತಿರ 2,400 ತಲೆಮಾರು. ಸಿನೇಡ್ ಕಾಲಿನ್ಸ್ ಮತ್ತು ಗ್ರಹಾಂ ಬೆಲ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯನ್ನು ಹೆಚ್ಚು ಇಂಗಾಲದ ಡೈ ಆಕ್ಸೈಡ್ ಇರುವ ಗಾಳಿಯಲ್ಲಿ 1,000 ತಲೆಮಾರು ಬೆಳೆಸಿದ್ದರು. ಅಷ್ಟರಲ್ಲೇ ಕೆಲವು ಸಾಲುಗಳು ಸಾಮಾನ್ಯ ಗಾಳಿಯಲ್ಲಿ ಸರಿಯಾಗಿ ಬೆಳೆಯುವ ಶಕ್ತಿ ಕಳೆದುಕೊಂಡಿದ್ದವು. ಯಾವ ಗುಣಕ್ಕೆ ದಿನನಿತ್ಯದ ಬದುಕಿನಲ್ಲಿ ಕೆಲಸವಿಲ್ಲವೋ ಆ ಗುಣ ಸವೆಯುತ್ತದೆ. ಟ್ಯೂಬಿನ ಬದುಕಿನಲ್ಲಿ ಯಾವುದಕ್ಕೆ ಕೆಲಸವಿಲ್ಲ? ಪ್ರಖರ ಬಿಸಿಲನ್ನು ತಾಳುವುದಕ್ಕೆ, ಉಪ್ಪಿನ ಏರಿಳಿತಕ್ಕೆ, ಬರಗಾಲಕ್ಕೆಂದು ಎಣ್ಣೆಯನ್ನೋ ಕೆಂಪು ವರ್ಣಕವನ್ನೋ ಕೂಡಿಡುವುದಕ್ಕೆ. ಜೈವಿಕ ತಂತ್ರಜ್ಞಾನಕ್ಕೆ ಬೇಕಾದದ್ದು ಸರಿಯಾಗಿ ಇದೇ. ಡ್ಯುನಾಲಿಯೆಲ್ಲಾದ ಬೀಟಾ ಕ್ಯಾರೋಟಿನ್, ಹೆಮಟೊಕಾಕಸ್‌ನ ಅಸ್ಟಾಕ್ಸಾಂಥಿನ್ ಎರಡೂ ಸಂಕಟಕಾಲದ ಸಂಚಯಗಳು. ಸುಖವಾಗಿ ಸಾಕಿದ ಕಲ್ಚರ್‌ನಲ್ಲಿ ಆ ಸಾಮರ್ಥ್ಯವನ್ನು ಕಾಪಾಡುವ ಒತ್ತಡವೇ ಇಲ್ಲ.

ಕ್ಲಾಮಿಡೊಮೊನಾಸ್‌ನ ಚರಿತ್ರೆ ಇನ್ನೂ ಕಠಿಣ ಪಾಠ. ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಅದರ ಮುಖ್ಯ ತಳಿಗಳೆಲ್ಲ 1945ರಲ್ಲಿ ಅಮೆರಿಕದ ಆಮ್‌ಹರ್ಸ್ಟ್ ಬಳಿಯ ಒಂದು ಆಲೂಗಡ್ಡೆ ಹೊಲದ ಮಣ್ಣಿನಿಂದ ಗಿಲ್ಬರ್ಟ್ ಸ್ಮಿತ್ ಬೇರ್ಪಡಿಸಿದ ಪಾಚಿಯ ಸಂತತಿ ಎಂದು ನಂಬಲಾಗಿದೆ. ಅವು ಕೈಯಿಂದ ಕೈಗೆ, ಊರಿಂದ ಊರಿಗೆ ದಾಟಿ ಹೋದವು. ಇಂದು ಆ ‘ಒಂದೇ’ ಪಾಚಿಯ ಕೆಲವು ಶಾಖೆಗಳು ನೈಟ್ರೇಟ್ ಬಳಸಿ ಬೆಳೆಯುತ್ತವೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಶಾಖೆಗೆ ಅದು ಸಾಧ್ಯವಿಲ್ಲ, ಅಮೋನಿಯಂ ಕೊಡಬೇಕು. 2015ರಲ್ಲಿ ಇವುಗಳ ಜೀನೋಮ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಕೆಲವು ತಳಿಗಳ ದಾಖಲಿತ ವಂಶಚರಿತ್ರೆಯೇ ಸರಿಯಿಲ್ಲ ಎಂದು ಗೊತ್ತಾಯಿತು. ಚೀಟಿಯಲ್ಲಿ ಒಂದು ಹೆಸರು, ಟ್ಯೂಬಿನಲ್ಲಿ ಇನ್ನೊಂದು ತಳಿ. ಪ್ರತಿ ದಾಟಿಸುವಿಕೆಯಲ್ಲೂ ಒಬ್ಬ ಮನುಷ್ಯ ಒಂದು ಹೊಸ ಚೀಟಿ ಬರೆಯುತ್ತಾನೆ, ಒಂದು ಮುಚ್ಚಳ ತೆರೆಯುತ್ತಾನೆ. ಪಕ್ಕದ ಟ್ಯೂಬಿನ ವೇಗದ ಕ್ಲೋರೆಲ್ಲಾದ ಒಂದು ಕೋಶ ಒಳಗೆ ಬಿದ್ದರೆ ಆರು ತಿಂಗಳಲ್ಲಿ ಇಡೀ ಟ್ಯೂಬು ಅದರದ್ದೇ ಆಗಬಹುದು, ಹಸಿರು ಹಸಿರಾಗಿಯೇ ಇರುತ್ತದೆ. 360 ಸಲ ಎಡವದ ಕೈ ಯಾರದೂ ಇಲ್ಲ.

ನಮ್ಮ ನೆಲದ ಉದಾಹರಣೆ ಬೇಕೆಂದರೆ ಸ್ಪಿರುಲಿನಾ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಿಂದ ಎಲ್. ವಿ. ವೆಂಕಟರಾಮನ್ ಅವರಂಥವರು ಮೊದಲು ಸೆನೆಡೆಸ್ಮಸ್, ನಂತರ ಸ್ಪಿರುಲಿನಾವನ್ನು ತೆರೆದ ತೊಟ್ಟಿಗಳಲ್ಲಿ ಬೆಳೆಸಿ ಆಹಾರವಾಗಿ ತರುವ ಹಾದಿ ಹಾಕಿಕೊಟ್ಟರು. ಇಂದು ದಕ್ಷಿಣ ಭಾರತದಲ್ಲಿ ಅದನ್ನು ಬೆಳೆಯುವ ಸಣ್ಣ ಘಟಕಗಳೂ ಇವೆ, ದೊಡ್ಡ ಕಂಪನಿಗಳೂ ಇವೆ. ಆರ್ಥ್ರೋಸ್ಪೈರಾ ಎಂಬ ಈ ಜೀವಿಯ ಗುರುತೇ ಸುರುಳಿ. ಆದರೆ ಪ್ರಯೋಗಾಲಯದಲ್ಲಿ ದಾಟಿಸುತ್ತ ಹೋದಂತೆ ಸುರುಳಿ ಬಿಚ್ಚಿಕೊಂಡು ನೇರ ಎಳೆಗಳಾಗುವುದು ಇದರ ಮೇಲೆ ಕೆಲಸ ಮಾಡಿದವರೆಲ್ಲ ಕಂಡ ಸಂಗತಿ. ನೇರವಾದದ್ದನ್ನು ಮತ್ತೆ ಸುರುಳಿಗೆ ತಿರುಗಿಸುವುದು ಸುಲಭವಲ್ಲ. ಸುರುಳಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಬಹುದು, ನೇರ ಎಳೆಗಳನ್ನು ಸೋಸುವುದು ಬೆಳೆಗಾರನಿಗೆ ತಲೆನೋವು. ಆಗ ಏನು ಮಾಡುತ್ತಾರೆ? ಬೇರೆಯವರಿಂದ ‘ಒಳ್ಳೆಯ ಮದರ್ ಕಲ್ಚರ್’ ಕೊಂಡು ತರುತ್ತಾರೆ. ಅದು ಎಷ್ಟನೆಯ ತಲೆಮಾರು, ಮೂಲ ಯಾವುದು ಎಂದು ಕೇಳಿದರೆ ಮಾರುವವನ ಬಳಿಯೂ ಉತ್ತರ ಸಿಗುವುದು ಕಷ್ಟ.

ಡಯಾಟಮ್‌ಗಳ ವಿಷಯದಲ್ಲಂತೂ ದಾಟಿಸುವಿಕೆಯೇ ಸಾವಿನ ದಾರಿ. ಅವುಗಳ ಸಿಲಿಕಾ ಕವಚ ಡಬ್ಬಿ ಮತ್ತು ಮುಚ್ಚಳದಂತೆ ಎರಡು ಅರ್ಧಗಳಾಗಿರುತ್ತದೆ. ಕೋಶ ಒಡೆದಾಗ ಪ್ರತಿ ಮರಿಕೋಶವೂ ಒಂದು ಹಳೆಯ ಅರ್ಧ ಪಡೆದು ಅದರೊಳಗೆ ಕೂರುವಂಥ ಚಿಕ್ಕ ಅರ್ಧವನ್ನು ಕಟ್ಟಿಕೊಳ್ಳುತ್ತದೆ. ಹೀಗಾಗಿ ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಗಾತ್ರ ಇಳಿಯುತ್ತ ಹೋಗುತ್ತದೆ. ಹೊರಗಿನ ನೀರಿನಲ್ಲಿ ಲೈಂಗಿಕ ಸಂತಾನೋತ್ಪತ್ತಿ ನಡೆದು ಗಾತ್ರ ಮರಳುತ್ತದೆ. ಒಂದೇ ಕೋಶದಿಂದ ಬೆಳೆಸಿದ ಕಲ್ಚರ್‌ನಲ್ಲಿ ಎಷ್ಟೋ ಜಾತಿಗಳಿಗೆ ಅದು ಒದಗುವುದಿಲ್ಲ, ಕುಗ್ಗಿ ಕುಗ್ಗಿ ಒಂದು ದಿನ ನಿಂತುಹೋಗುತ್ತವೆ. ಇಂಥ ಜೀವಿಯನ್ನು ತಿಂಗಳಿಗೊಮ್ಮೆ ಬೆಳೆಸಿ ಕಾಪಾಡುತ್ತೇನೆ ಎನ್ನುವವರು ಅದರ ಆಯುಷ್ಯವನ್ನು ಕಂತುಗಳಲ್ಲಿ ಖರ್ಚು ಮಾಡುತ್ತಿರುತ್ತಾರೆ.

ಎದುರು ಪಕ್ಷದವರು ಹೆಮ್ಮೆಯಿಂದ ತೋರಿಸುವ ದಾಖಲೆ ಒಂದಿದೆ. ಡಚ್ ವಿಜ್ಞಾನಿ ಬೈಯರಿಂಕ್ ಸುಮಾರು 1889ರಲ್ಲಿ ಬೇರ್ಪಡಿಸಿ 1890ರಲ್ಲಿ ವಿವರಿಸಿದ ಕ್ಲೋರೆಲ್ಲಾ ವಲ್ಗಾರಿಸ್ ಜರ್ಮನಿಯ ಗಾಟಿಂಗೆನ್ ಸಂಗ್ರಹದಲ್ಲೂ ಬೇರೆ ಕಡೆಗಳಲ್ಲೂ ಇಂದಿಗೂ ಜೀವಂತವಾಗಿದೆ. 130 ವರ್ಷ ದಾಟಿತು, ಇನ್ನೇನು ಬೇಕು ಎಂಬುದು ಅವರ ವಾದ. ಆ ಕಲ್ಚರನ್ನು ಉಳಿಸಿಕೊಂಡು ಬಂದವರ ಶ್ರದ್ಧೆ ದೊಡ್ಡದು. ಆ ಶ್ರದ್ಧೆಯಿಂದ ಉಳಿದದ್ದು ವಂಶ. ಬೈಯರಿಂಕ್‌ನ ಸೂಕ್ಷ್ಮದರ್ಶಕದ ಕೆಳಗಿದ್ದ ಕೋಶಗಳ ಗುಣಗಳೆಲ್ಲ ಇದರಲ್ಲಿ ಇವೆಯೇ ಎಂದು ಕೇಳಿದರೆ ಪರೀಕ್ಷಿಸುವ ದಾರಿ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ, ಏಕೆಂದರೆ ಆ ಕಾಲದ ಒಂದು ಕೋಶವೂ ಹಾಗೇ ಉಳಿದಿಲ್ಲ. ಅಜ್ಜಿಯ ಕಾಲದಿಂದ ಬಂದ ಹೆಪ್ಪಿನಿಂದ ಇಂದೂ ಮೊಸರಾಗುತ್ತದೆ ನಿಜ. ಅದರಲ್ಲಿ ಅಜ್ಜಿಯ ಕಾಲದ ಬ್ಯಾಕ್ಟೀರಿಯಾಗಳೇ ಇವೆ ಎಂದು ಯಾರೂ ಪ್ರಮಾಣಪತ್ರ ಬರೆದುಕೊಡುವುದಿಲ್ಲ. ಪಾಚಿ ಸಂಶೋಧನೆಯಲ್ಲಿ ನಾವು ಬರೆದುಕೊಡುತ್ತಿದ್ದೇವೆ.

ಈ ನಂಬಿಕೆಗೆ ತೆತ್ತ ಬೆಲೆ ಲಿಖಿತವಾಗಿಯೇ ಇದೆ. ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿಯಿಂದ ಇಂಧನ ತೆಗೆಯುವ ‘ಅಕ್ವಾಟಿಕ್ ಸ್ಪೀಶೀಸ್ ಪ್ರೋಗ್ರಾಂ’ ನಡೆಸಿತು. ಸಂಶೋಧಕರು ಮರುಭೂಮಿಯ ಉಪ್ಪು ಹೊಂಡಗಳಿಂದ ಸಮುದ್ರ ತೀರದವರೆಗೆ ಅಲೆದು 3,000ಕ್ಕೂ ಹೆಚ್ಚು ತಳಿಗಳನ್ನು ತಂದರು. ಜರಡಿ ಹಿಡಿದು ಸುಮಾರು 300ನ್ನು ಉಳಿಸಿಕೊಂಡರು. ಎಣ್ಣೆಯ ಪ್ರಮಾಣ, ಬೆಳವಣಿಗೆಯ ವೇಗ, ತಾಳುವ ಉಷ್ಣತೆ ಎಲ್ಲ ಅಳೆದು ಬರೆದರು. ಕಾರ್ಯಕ್ರಮ ಮುಚ್ಚಿದ ಮೇಲೆ ಸಂಗ್ರಹ ಹವಾಯಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಹನ್ನೆರಡು-ಹದಿಮೂರು ವರ್ಷಗಳ ನಂತರ ಪಾಚಿ ಇಂಧನದ ಉತ್ಸಾಹ ಮರಳಿ ಬಂದಾಗ ಹೋಗಿ ನೋಡಿದರೆ, ಅತ್ಯಂತ ವಿವರವಾಗಿ ಅಧ್ಯಯನವಾಗಿದ್ದ 51 ತಳಿಗಳಲ್ಲಿ 2009ರ ಜೂನ್ ಹೊತ್ತಿಗೆ ಅಲ್ಲಿ ಉಳಿದಿದ್ದವು 23. ಹಣದ ಕೊರತೆ, ಮತ್ತು ಟ್ಯೂಬಿನಿಂದ ಟ್ಯೂಬಿಗೆ ದಾಟಿಸುತ್ತ ಜೀವಂತ ಇಡುವುದಕ್ಕೆ ಬೇಕಾದ ಅಪಾರ ದುಡಿಮೆ: ಅಮೆರಿಕದ ಇಂಧನ ಇಲಾಖೆಯ ದಾಖಲೆಯೇ ಗುರುತಿಸಿದ ಕಾರಣಗಳು ಇವು.

ಸತ್ತದ್ದು ಅಪರಿಚಿತ ತಳಿಗಳಲ್ಲ, ಎಲ್ಲಕ್ಕಿಂತ ಚೆನ್ನಾಗಿ ತಿಳಿದಿದ್ದ ತಳಿಗಳು. ಅವುಗಳ ಮೇಲಿನ ಪ್ರಬಂಧಗಳು, ಕೋಷ್ಟಕಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಪ್ರಬಂಧ ಓದಿ ಆ ತಳಿ ಬೇಕೆಂದವರಿಗೆ ಕೊಡಲು ತಳಿ ಇಲ್ಲ. ಅಂಥ ಶ್ರೀಮಂತ ದೇಶದ ಸರ್ಕಾರಿ ಯೋಜನೆಯಲ್ಲೇ ಹೀಗಾದರೆ, ಮೂರು ವರ್ಷದ ಪ್ರಾಜೆಕ್ಟ್ ಮುಗಿದ ದಿನ ಕಿರಿಯ ಸಂಶೋಧಕ (ಜೆಆರ್‌ಎಫ್) ಹೊರಟುಹೋಗುವ, ಮೇ ತಿಂಗಳಲ್ಲಿ ಕರೆಂಟು ಕೈಕೊಟ್ಟು ಕಲ್ಚರ್ ರೂಮಿನ ಎಸಿ ನಿಲ್ಲುವ ನಮ್ಮ ಪ್ರಯೋಗಾಲಯಗಳಲ್ಲಿ ಏನೇನು ಹೋಗಿರಬಹುದು! ಅದನ್ನು ಎಣಿಸಿದವರೂ ಇಲ್ಲ.

ದುಬಾರಿ ಎಂಬ ಆಕ್ಷೇಪಕ್ಕೆ ನಮ್ಮ ಹಳ್ಳಿಗಳೇ ಉತ್ತರ ಕೊಡುತ್ತವೆ. ಕರ್ನಾಟಕದ ಪಶು ಆಸ್ಪತ್ರೆಗಳಿಗೆ ಹೋಗಿ ನೋಡಿ. ಮೂಲೆಯಲ್ಲಿ ದ್ರವ ಸಾರಜನಕದ ಜಾಡಿ ಇರುತ್ತದೆ, ಅದರೊಳಗೆ ಮೈನಸ್ 196 ಡಿಗ್ರಿಯಲ್ಲಿ ಹೋರಿಯ ವೀರ್ಯದ ಸ್ಟ್ರಾಗಳು. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ತಯಾರಿಸಿ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ನಮ್ಮ ಹೈನುಗಾರಿಕೆ ನಿಂತಿರುವುದೇ ಈ ಜಾಡಿಗಳ ಮೇಲೆ. ವೀರ್ಯದ ಘನೀಕರಣ, ಪಾಚಿಯ ಘನೀಕರಣ ಎರಡೂ ಒಂದೇ ವಿಜ್ಞಾನದ ಕೂಸುಗಳು: 1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಮೂವರು ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯಾಣು ಘನೀಕರಣವನ್ನು ತಾಳುತ್ತದೆ ಎಂದು ಕಂಡರು. ಹತ್ತು ವರ್ಷದ ಬಳಿಕ ಲವ್‌ಲಾಕ್ ಮತ್ತು ಬಿಷಪ್ ಡಿಎಂಎಸ್‌ಒ ಎಂಬ ರಾಸಾಯನಿಕಕ್ಕೆ ಅದೇ ಗುಣವಿದೆ ಎಂದು ತೋರಿಸಿದರು. ಲೈನ್‌ಮನ್ ಇಲ್ಲದ ಊರಿಗೂ ತಲುಪುವ ದ್ರವ ಸಾರಜನಕ ವಿಶ್ವವಿದ್ಯಾಲಯಕ್ಕೆ ತಲುಪದು ಎಂದರೆ ಒಪ್ಪಲಾಗದು. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಲು ಗಣಕ ನಿಯಂತ್ರಿತ ಯಂತ್ರವೇ ಬೇಕೆಂದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಯಲ್‌ಗಳನ್ನು ಕೂರಿಸಿ ಮೈನಸ್ 80ರ ಡೀಪ್ ಫ್ರೀಜರಿಗೆ ಇಟ್ಟರೆ ಹೆಚ್ಚುಕಡಿಮೆ ಅದೇ ವೇಗ ಸಿಗುತ್ತದೆ. ಪ್ರತಿ ತಿಂಗಳ ಮೀಡಿಯಾ, ಆಟೋಕ್ಲೇವ್, ಬೆಳಕು, ಎಸಿ, ಎಲ್ಲಕ್ಕಿಂತ ಮಿಗಿಲಾಗಿ ತರಬೇತಾದವರ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಗ್ಗ ಎನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. “ಮಾಡಿ ನೋಡಿದ್ದೇವೆ, ಸತ್ತುಹೋಗುತ್ತದೆ” ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಮಾಡಿದ್ದು ಏನು? ಎಷ್ಟೋ ಕಡೆ ಇ. ಕೊಲೈಗೆ ರೂಢಿಯಾದ ಪಾಠವನ್ನೇ ಪಾಚಿಗೂ ಅನ್ವಯಿಸಿರುತ್ತಾರೆ. ಗ್ಲಿಸರಾಲ್ ಬೆರೆಸಿ ನೇರ ಮೈನಸ್ 80ಕ್ಕೆ ಎಸೆದು, ಕೆಲವು ತಿಂಗಳ ನಂತರ ತೆಗೆದು, ಪ್ರಖರ ಬೆಳಕಿನ ಕೆಳಗಿಟ್ಟಿರುತ್ತಾರೆ. ಈ ಪ್ರತಿಯೊಂದು ಹೆಜ್ಜೆಯೂ ಪಾಚಿಯನ್ನು ಕೊಲ್ಲಬಲ್ಲದು. ತಣಿಯುವಾಗ ಮಂಜು ಮೊದಲು ಕೋಶದ ಹೊರಗೆ ಮೂಡುತ್ತದೆ, ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ತೀರಾ ಬೇಗ ತಣಿಸಿದರೆ ನೀರು ಹೊರಬರಲು ಸಮಯ ಸಾಲದೆ ಒಳಗೇ ಮಂಜು ಹರಳುಗಟ್ಟಿ ಪೊರೆಗಳನ್ನು ಹರಿಯುತ್ತದೆ. ತೀರಾ ನಿಧಾನವಾದರೆ ಕೋಶ ಒಣಗಿ, ಲವಣ ಸಾಂದ್ರವಾಗಿ ಸಾಯುತ್ತದೆ. ಇವೆರಡರ ನಡುವಿನ ಹಾದಿಯನ್ನು ಪೀಟರ್ ಮಝೂರ್ ಮತ್ತು ಸಂಗಡಿಗರು 1972ರಲ್ಲೇ ವಿವರಿಸಿದ್ದಾರೆ. ಮೊದಲು ಒಂದು ಮಧ್ಯಮ ಶೀತಕ್ಕೆ ಇಳಿಸಿ, ಸ್ವಲ್ಪ ತಡೆದು, ಅಲ್ಲಿಂದ ದ್ರವ ಸಾರಜನಕಕ್ಕೆ ಮುಳುಗಿಸುವ ಎರಡು ಹಂತದ ವಿಧಾನದಿಂದ ಜಾನ್ ಮಾರಿಸ್ ಕೇಂಬ್ರಿಡ್ಜಿನ ಸಂಗ್ರಹದಲ್ಲಿ 250 ಕ್ಲೋರೊಕಾಕೇಲ್ಸ್ ತಳಿಗಳನ್ನು ಘನೀಕರಿಸಿ 1978ರಲ್ಲೇ ಪ್ರಕಟಿಸಿದರು. ಹಾಗೆ ಇಟ್ಟ ಪಾಚಿಗಳಲ್ಲಿ 22 ವರ್ಷದವರೆಗಿನವನ್ನು ತೆಗೆದು ನೋಡಿ, ಬದುಕುವ ಪ್ರಮಾಣ ಗಮನಾರ್ಹವಾಗಿ ಇಳಿದಿಲ್ಲ ಎಂದು 1997ರಲ್ಲಿ ವರದಿಯಾಯಿತು. ಮೈನಸ್ 135 ಡಿಗ್ರಿಗಿಂತ ಕೆಳಗೆ ದ್ರವರೂಪದ ನೀರೇ ಇರುವುದಿಲ್ಲ, ಕೋಶದ ರಸಾಯನ ನಿಂತಿರುತ್ತದೆ. ಮೈನಸ್ 80ರಲ್ಲಿ ಅದು ನಿಂತಿರುವುದಿಲ್ಲ. ಹಲವು ಪಾಚಿಗಳು ಅಲ್ಲಿ ತಿಂಗಳು ತಿಂಗಳಿಗೆ ಸೊರಗುತ್ತವೆ. ಮೈನಸ್ 80 ದಾರಿಯ ತಂಗುದಾಣವಾಗಬಹುದು, ವಾಸದ ಮನೆಯಾಗಲಾರದು.

ರಕ್ಷಕ ರಾಸಾಯನಿಕವೂ ಎಲ್ಲಕ್ಕೂ ಒಂದೇ ಅಲ್ಲ. ಡಿಎಂಎಸ್‌ಒಗೆ ಒಲಿಯುವ ಪಾಚಿಗಳು ಅನೇಕ. ಕ್ಲಾಮಿಡೊಮೊನಾಸ್‌ಗೆ ಮೆಥನಾಲ್ ಒಗ್ಗುತ್ತದೆ. ಅದರಲ್ಲೂ ಒಂದು ಸ್ವಾರಸ್ಯವಿದೆ. ಹೆಚ್ಚು ಕೋಶ ಹಾಕಿದರೆ ಹೆಚ್ಚು ಉಳಿಯುತ್ತದೆ ಎಂಬುದು ನಮ್ಮ ಸಹಜ ಊಹೆ. ಟೆಕ್ಸಸ್‌ನ ಸಂಶೋಧಕರು 2009ರಲ್ಲಿ ತೋರಿಸಿದ್ದು ತಿರುಗುಮುರುಗು: ಸಾಂದ್ರವಾದ ಕ್ಲಾಮಿಡೊಮೊನಾಸ್ ಘನೀಕರಿಸಿದಾಗ ಗಾಯಗೊಂಡ ಕೋಶಗಳಿಂದ ಹೊರಬರುವ ವಸ್ತುವೇ ಉಳಿದವನ್ನು ಕೊಲ್ಲುತ್ತದೆ, ಆದ್ದರಿಂದ ತೆಳುವಾಗಿಯೇ ಇಡಬೇಕು. ಕರಗಿಸುವಾಗ 40 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸಬೇಕು. ಒಂದು ದಿನ ಕತ್ತಲಲ್ಲಿ ಬಿಡಬೇಕು, ಗಾಯಗೊಂಡ ದ್ಯುತಿಸಂಶ್ಲೇಷಣೆಯ ವ್ಯವಸ್ಥೆಯ ಮೇಲೆ ಬೆಳಕು ಬಿದ್ದರೆ ಅದೇ ವಿಷ. ಬಣ್ಣ ಹಾಕಿ ನೋಡಿ ‘ಜೀವಂತ’ ಎಂದು ಬರೆದುಬಿಡುವುದೂ ಸಾಲದು. ಎಷ್ಟು ಕೋಶಗಳು ಮತ್ತೆ ಒಡೆದು ಕಾಲನಿ ಕಟ್ಟಿದವು ಎಂಬುದೇ ಲೆಕ್ಕ. ಇದು ಕಲಿಯಬೇಕಾದ ಕುಶಲವಿದ್ಯೆ. ಕಲಿಯದೆ ಸೋತದ್ದನ್ನು ವಿಧಾನದ ಸೋಲು ಎಂದು ಹೇಳುವುದು ನ್ಯಾಯವಲ್ಲ.

ನೂರರಲ್ಲಿ ಹತ್ತೇ ಉಳಿದರೆ ಅದೂ ಒಂದು ಆಯ್ಕೆಯಲ್ಲವೇ ಎಂದು ಚುರುಕಾದವರು ಕೇಳುತ್ತಾರೆ. ಆಗಬಹುದು. ಅದಕ್ಕಾಗಿಯೇ ಉಳಿವಿನ ಪ್ರಮಾಣ ಹೆಚ್ಚಿಸುವ ಕೆಲಸ ನಡೆಯಬೇಕು, ಎದ್ದ ಕೋಶಗಳ ಗುಣ ಮರುಪರೀಕ್ಷೆಯಾಗಬೇಕು. ಆದರೆ ಘನೀಕರಣದ ಆಯ್ಕೆ ಒಂದು ಸಲದ್ದು, ಅದರ ಹಿಂದಿನದನ್ನೂ ಮುಂದಿನದನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಳೆಯಬಹುದು. ಟ್ಯೂಬಿನ ಆಯ್ಕೆ ತಿಂಗಳು ತಿಂಗಳೂ ನಡೆಯುತ್ತದೆ, ಅಳೆಯಲು ಹಿಂದಿನದು ಇರುವುದೇ ಇಲ್ಲ.

ಇತ್ತೀಚೆಗೆ ಇನ್ನೊಂದು ವಾದ ಕೇಳಿಬರುತ್ತಿದೆ: ಜೀನೋಮ್ ಓದಿ ಕಂಪ್ಯೂಟರಿನಲ್ಲಿಟ್ಟರೆ ಸಾಕು. 2010ರಲ್ಲಿ ಕ್ರೇಗ್ ವೆಂಟರ್ ತಂಡ ಕೃತಕ ಜೀನೋಮ್‌ನಿಂದ ನಡೆಯುವ ಬ್ಯಾಕ್ಟೀರಿಯಾ ಮಾಡಿದಾಗಲೂ ಅದನ್ನು ಒಂದು ಜೀವಂತ ಕೋಶದೊಳಗೇ ಇಡಬೇಕಾಯಿತು. ಅದು ಸುಮಾರು 10 ಲಕ್ಷ ಅಕ್ಷರಗಳ ಜೀನೋಮ್. ಕ್ಲಾಮಿಡೊಮೊನಾಸ್‌ನದ್ದು 11 ಕೋಟಿ. ಕಡತದಿಂದ ಪಾಚಿಯ ಕೋಶ ಎದ್ದುಬಂದ ನಿದರ್ಶನ ಒಂದೂ ಇಲ್ಲ. ಅನೇಕ ಪಾಚಿಗಳು ತಮಗೆ ಬೇಕಾದ ಬಿ12 ಜೀವಸತ್ವವನ್ನು ಜೊತೆಯ ಬ್ಯಾಕ್ಟೀರಿಯಾಗಳಿಂದ ಪಡೆಯುತ್ತವೆ ಎಂದು 2005ರಲ್ಲೇ ಗೊತ್ತಾಗಿದೆ. ಪಾಚಿಯ ಕಡತದಲ್ಲಿ ಆ ಸಂಗಾತಿ ಎಲ್ಲಿದೆ? ಕೆರೆಗೆ ಹೋಗಿ ಮತ್ತೆ ತರುತ್ತೇವೆ ಎನ್ನುವವರಿಗೆ ಬೆಳ್ಳಂದೂರಿನ ನೊರೆ ನೋಡಿ ಎಂದಷ್ಟೇ ಹೇಳಬಲ್ಲೆ. ಹಳೆಯ ಪ್ರಬಂಧದಲ್ಲಿ ಹೆಸರಿರುವ ಕೆರೆ ಈಗ ಬಸ್ ನಿಲ್ದಾಣವೂ ಆಗಿರಬಹುದು.

ಕಾನೂನಿನ ಕಡೆಯಿಂದಲೂ ಇದು ಹಗುರ ವಿಷಯವಲ್ಲ. ಪೇಟೆಂಟಿಗಾಗಿ ಸೂಕ್ಷ್ಮಜೀವಿಗಳನ್ನು ಠೇವಣಿ ಇಡುವ 1977ರ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ 2001ರಲ್ಲಿ ಸೇರಿತು. ಠೇವಣಿಯನ್ನು ಕನಿಷ್ಠ 30 ವರ್ಷ ಕಾಪಾಡಬೇಕು ಎಂಬುದು ಅದರ ನಿಯಮ. ಮೇಲೆ ಹಾಕಿದ 2,400 ತಲೆಮಾರಿನ ಲೆಕ್ಕ ಸರಿಯಾಗಿ ಈ ಅವಧಿಯದು. ಮೊದಲ ದಿನ ಎಣ್ಣೆ ಕೊಡುತ್ತಿದ್ದ ತಳಿ ಕೊನೆಯ ದಿನ ಕೊಡದಿದ್ದರೆ, ಆವಿಷ್ಕಾರ ನಿಜವಾಗಿತ್ತು ಎಂದು ಸಾಧಿಸುವುದು ಹೇಗೆ?

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಸಾರ್ವಜನಿಕ ಹಣದಲ್ಲಿ ಬೇರ್ಪಡಿಸಿದ ಪ್ರತಿ ಪಾಚಿ ತಳಿಯೂ ಶುದ್ಧವಾದ ವಾರದಲ್ಲೇ ದ್ರವ ಸಾರಜನಕಕ್ಕೆ ಹೋಗಬೇಕು. ವಯಲ್‌ಗಳು ಎರಡು ಬೇರೆ ಊರುಗಳಲ್ಲಿರಬೇಕು, ಒಂದನ್ನು ಕೂಡಲೇ ಕರಗಿಸಿ ಉಳಿವಿನ ಪ್ರಮಾಣ ದಾಖಲಿಸಬೇಕು. ಅದಿಲ್ಲದೆ ಪ್ರಬಂಧವನ್ನು ಸ್ವೀಕರಿಸಬಾರದು, ಪ್ರಾಜೆಕ್ಟಿನ ಕೊನೆಯ ಕಂತು ಬಿಡುಗಡೆಯಾಗಬಾರದು. ಟ್ಯೂಬಿನಲ್ಲಿ ಬೆಳೆಯುತ್ತಿರುವುದು ದಿನದ ಬಳಕೆಯ ಪ್ರತಿ. ಅದು ಬದಲಾಗಿದೆ ಎಂಬ ಅನುಮಾನ ಬಂದ ದಿನ ಚೆಲ್ಲಿ, ಹೊಸ ವಯಲ್ ತೆರೆಯಬೇಕು.

ಇಂದಿಗೂ ಘನೀಕರಣಕ್ಕೆ ಒಲಿಯದ ಪಾಚಿಗಳಿವೆ. ಡೈನೊಫ್ಲಾಜಲೇಟ್‌ಗಳಲ್ಲಿ ಹೆಚ್ಚಿನವು, ಯೂಗ್ಲೀನಾದ ಬಳಗ, ದೊಡ್ಡ ಕೋಶದ ಹಲವು ಡೆಸ್ಮಿಡ್‌ಗಳು ಎರಡು ಹಂತದ ವಿಧಾನಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕೆಲವು ಪಾಚಿಗಳನ್ನು ಆಲ್ಜಿನೇಟ್ ಮಣಿಗಳಲ್ಲಿ ಹುದುಗಿಸಿ, ಒಣಗಿಸಿ, ನಂತರ ತಣಿಸುವ ಪ್ರಯತ್ನಗಳು ಫಲ ಕೊಟ್ಟಿವೆ. ಉಳಿದವನ್ನು ಈಗಲೂ ಕೈಯಿಂದಲೇ ಸಾಕಬೇಕು. ಅನುಭವಿಗಳ ಕಣ್ಣು, ಕೈ, ಸಹನೆ ಬೇಕಾಗಿರುವುದು ಅಲ್ಲಿ. ವಯಲ್‌ನಲ್ಲಿ ನೆಮ್ಮದಿಯಾಗಿ ಮಲಗಬಲ್ಲ ಕ್ಲೋರೆಲ್ಲಾ, ಸೆನೆಡೆಸ್ಮಸ್‌ಗಳನ್ನು ತಿಂಗಳು ತಿಂಗಳು ದಾಟಿಸುವುದರಲ್ಲಿ ಅದೇ ಕೈಗಳನ್ನು ಸವೆಸುತ್ತಿರುವುದರಿಂದ, ನಿಜಕ್ಕೂ ಅವರ ಆರೈಕೆ ಬೇಕಾದ ಡೈನೊಫ್ಲಾಜಲೇಟ್‌ಗಳಿಗೆ ಯಾರಿಗೂ ಬಿಡುವಿಲ್ಲದಂತಾಗಿದೆ.